ಎಡಗಡೆ ಗಲ್ಲಿಗೇ ಹೊಡೀರಿ

ಇದನ್ನು ಯಾರಾದರೂ ಕಣ್ಣಿನ ಆಪರೇಷನ್ ಆಗಿ ಬೋರಲು ಮಲಗಿ, ಮೊಬೈಲನ್ನು ನೆಲಕ್ಕಿಟ್ಟು ಓದುತ್ತಿದ್ದರೆ ಮೊದಲು ನಿಮಗೇ ಹೇಳುತ್ತೇನೆ: ಕುತ್ತಿಗೆ ನೋವು ಹೋಗುತ್ತದೆ. ದಿಂಬು ಒತ್ತಿ ಹಣೆಯ ಮೇಲೆ ಮೂಡಿದ ಗೆರೆಯೂ ಹೋಗುತ್ತದೆ. ಕಣ್ಣು ಮೊದಲಿನ ಹಾಗೆ ಕಾಣುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ನಿಮ್ಮ ಡಾಕ್ಟರಿಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ. ನನ್ನದಂತೂ ಕಾಣಲಿಲ್ಲ. ಆದರೂ ನಾನು ಈಗಲೂ ಬೆಳಗ್ಗೆ ಎದ್ದು ಟೆನಿಸ್ ನೆಟ್‌ನ ಮುಂದೆ ನಿಲ್ಲುತ್ತೇನೆ. ಯಾರಾದರೂ "ಪಾಪ" ಅಂದರೆ ಮೈಯೆಲ್ಲ ಉರಿಯುತ್ತದೆ. ಆ ಉರಿಯಲ್ಲೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಶೈಲಾ. ಐವತ್ತು ದಾಟಿದವಳು. ತವರು ಗದಗ, ಇರುವುದು ಪುಣೆಯ ವಿಮಾನ ನಗರದಲ್ಲಿ. ನಮ್ಮನೆಯವರಿಗೆ ಮಾರ್ಕೆಟ್ ಯಾರ್ಡಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಸಗಟು ಅಂಗಡಿ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ. ಚಿಕ್ಕವಳಿದ್ದಾಗಿನಿಂದ ನನಗೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ. ಶಾಲೆಯಲ್ಲಿ ಆಟದ ಪಿರಿಯಡ್ಡು ಬಂದರೆ ಕನ್ನಡಕ ಒಡೆದೀತೆಂದು ಮಾಸ್ತರರು ನನ್ನನ್ನು ಬೇವಿನ ಮರದ ಕೆಳಗೆ ಕೂರಿಸಿ, ಎಲ್ಲರ ಚಪ್ಪಲಿ ಕಾಯಲು ಹಚ್ಚುತ್ತಿದ್ದರು. ನಾನು ಚಪ್ಪಲಿ ಕಾಯುತ್ತಲೇ ದೊಡ್ಡವಳಾದೆ. ಹಾಗಾಗಿ ನಮ್ಮ ಸೊಸೈಟಿಯ ಟೆನಿಸ್ ಅಂಕಣದಲ್ಲಿ ಹೆಂಗಸರ ಗುಂಪು ಶುರುವಾದಾಗ ಮೊದಲು ಹೆಸರು ಕೊಟ್ಟವಳು ನಾನೇ. ಆಗ ನನಗೆ ನಲವತ್ತು ದಾಟಿತ್ತು. ನಕ್ಕವರು ನಕ್ಕರು.

ನಮ್ಮದು ಡಬಲ್ಸ್ ಆಡುವ ಗುಂಪು. ಕಲಿಸುವ ಸರ್ ಮರಾಠಿಯವರು, ಮಾತು ಕಡಿಮೆ. ಅವರು ಹೆಚ್ಚಾಗಿ ಮಾಡಿಸುವ ಅಭ್ಯಾಸ ಒಂದಿದೆ. ಇಬ್ಬರು ನೆಟ್‌ನ ಮುಂದೆ ನಿಲ್ಲಬೇಕು, ಇಬ್ಬರು ಎದುರು ಬದಿಯ ಹಿಂದಿನ ಗೆರೆಯಲ್ಲಿ. ಸರ್ ಬುಟ್ಟಿಯಿಂದ ಒಂದೊಂದೇ ಚೆಂಡು ಕೊಡುತ್ತಾರೆ. ಹಿಂದಿನವರು ಅದನ್ನು ನೆಟ್‌ನವರ ಕೈಗೆ ಸಿಗದಂತೆ ದಾಟಿಸಬೇಕು. ಅದೇ ಪಾಸಿಂಗ್ ಶಾಟ್. ಒಂದೋ ಇಬ್ಬರ ನಡುವಿನ ಸಂದಿನಿಂದ ದಾಟಿಸಬೇಕು, ಇಲ್ಲವೇ ಅಂಕಣದ ಅಂಚಿನಲ್ಲಿ ಡಬಲ್ಸ್ ಆಟಕ್ಕೆಂದೇ ಇರುವ ಉದ್ದ ಪಟ್ಟಿಯಿಂದ. ಆ ಪಟ್ಟಿಗೆ ನಾವು ಗಲ್ಲಿ ಅನ್ನುತ್ತೇವೆ. ಗಲ್ಲಿಯಿಂದ ಚೆಂಡು ದಾಟಿದ ಕೂಡಲೇ ಎಲ್ಲರೂ ಒಟ್ಟಿಗೆ ಮರಾಠಿಯಲ್ಲಿ "ಗೇಲಾ!" ಎಂದು ಕೂಗಬೇಕು. ಹೋಯಿತು ಅಂತ. ಯಾರ ಗಲ್ಲಿಯಿಂದ ಹೋಯಿತೋ ಅವಳು ಸುತ್ತಿನ ಕೊನೆಗೆ ಅಂಕಣದ ತುಂಬ ಬಿದ್ದ ಚೆಂಡುಗಳನ್ನೆಲ್ಲ ಬಗ್ಗಿ ಬಗ್ಗಿ ಆರಿಸಿ ಬುಟ್ಟಿ ತುಂಬಬೇಕು. ಉಳಿದವರು ನೀರು ಕುಡಿಯುತ್ತ ಅವಳನ್ನು ಕಾಡಿಸಬೇಕು. ಈ ಕಾನೂನು ಮಾಡಿದವರು ಸರ್ ಅಲ್ಲ, ನಮ್ಮ ಬಿಲ್ಡಿಂಗಿನ ವೈಶಾಲಿತಾಯಿ; ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ನಾಲಿಗೆ ಭಾರೀ ಚುರುಕು.

ನನ್ನ ಕಾಯಿಲೆ ಗೊತ್ತಾದದ್ದೂ ಈ ಗಲ್ಲಿಯಲ್ಲೇ. ಅವತ್ತು ನಾನು ನೆಟ್‌ನ ಎಡಬದಿಗೆ ನಿಂತಿದ್ದೆ. ಎದುರಿಗೆ ದೀಪಾ. ಬೆಂಗಳೂರಿನ ಹುಡುಗಿ, ಇಲ್ಲೇ ಹತ್ತಿರದ ಆಫೀಸಿನಲ್ಲಿ ಕೆಲಸ, ಬಲಗೈ ಹೊಡೆತ ಅಂದರೆ ಗುಂಡು. ಮೊದಲ ಚೆಂಡು ಅವಳ ರ‍್ಯಾಕೆಟ್ ಬಿಟ್ಟದ್ದು ಕಂಡಿತು. ಆಮೇಲೆ ಇಲ್ಲ. ಬೆನ್ನ ಹಿಂದೆ ಟಪ್ ಅಂತ ಸಪ್ಪಳ, "ಗೇಲಾ!" ಅಂತ ಕೂಗು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ ಆದಾಗ ದೀಪಾ ರ‍್ಯಾಕೆಟ್ ಇಳಿಸಿದಳು.

"ಶೈಲಕ್ಕಾ, ಏನಿದು? ಸ್ವಲ್ಪಾನೂ ಮೂವ್ ಆಗ್ತಾ ಇಲ್ಲ ನೀವು. ಬಾಲ್ ನಿಮ್ಮ ಪಕ್ಕದಲ್ಲೇ ಹೋಯ್ತು."

"ಎಲ್ಲಿ ಹೋತು? ನೀ ಇನ್ನೂ ನೆಟ್ ದಾಟಿಸೇ ಇಲ್ಲಲ್ಲ?" ಅಂದೆ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಸರ್ ಮಾತ್ರ ನಗಲಿಲ್ಲ. ಹತ್ತಿರ ಬಂದು ಬಲಗಣ್ಣು ಮುಚ್ಚಿಕೊಳ್ಳಲು ಹೇಳಿದರು. ಮುಚ್ಚಿದೆ. ಎಡಗಣ್ಣಿಗೆ ದೀಪಾಳ ಅರ್ಧ ಮೈಯಷ್ಟೇ ಕಂಡಿತು. ಉಳಿದರ್ಧಕ್ಕೆ ಯಾರೋ ಬೂದು ಬಣ್ಣದ ಪರದೆ ಎಳೆದಂತಿತ್ತು. ಕೈಯಿಂದ ಸರಿಸಲು ನೋಡಿದೆ, ನನ್ನ ಕೈಯೇ ಕಾಣಲಿಲ್ಲ. ವೈಶಾಲಿತಾಯಿ ಅವತ್ತು ಚೆಂಡು ಆರಿಸಲು ಬಿಡಲಿಲ್ಲ. ನೇರ ರಿಕ್ಷಾ ಹತ್ತಿಸಿ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ಬೆವರಿನ ಟೀ ಶರ್ಟಿನಲ್ಲೇ ಹೋಗಿ ಕೂತೆ.

ಕಣ್ಣಿನ ಆಸ್ಪತ್ರೆಯಲ್ಲಿ ಕಾಯುವುದೆಂದರೆ ಬೇರೆಯೇ ಒಂದು ಲೋಕ. ಅರ್ಧ ಗಂಟೆಗೊಮ್ಮೆ ಸಿಸ್ಟರ್ ಬಂದು "ಡೋಳೆ ಉಘಡಾ, ಡೋಳೆ ಮಿಟಾ" ಅಂತ ಹನಿ ಹಾಕುತ್ತಾಳೆ. ಕಣ್ಣು ತೆರೆಯಿರಿ, ಕಣ್ಣು ಮುಚ್ಚಿರಿ. ಹನಿ ಹಾಕಿಸಿಕೊಂಡವರೆಲ್ಲ ಗೋಡೆಗೊರಗಿ ಕಣ್ಣು ಮುಚ್ಚಿ ಸಾಲಾಗಿ ಕೂತಿರುತ್ತಾರೆ. ನಂಬರು ತೋರಿಸುವ ಬೋರ್ಡು ಮಾತ್ರ ಎದುರಿನ ಗೋಡೆಯ ಮೇಲೆ ಕೆಂಪಗೆ ಮಿನುಗುತ್ತಿರುತ್ತದೆ. ಕಣ್ಣು ಕಾಣದವರ ಕೋಣೆಯಲ್ಲಿ ಬೋರ್ಡು ಇಟ್ಟ ಪುಣ್ಯಾತ್ಮ ಯಾರೋ, ಸಿಕ್ಕರೆ ಎರಡು ಮಾತು ಕೇಳಬೇಕು.

ನನ್ನ ಪಕ್ಕ ಕುರಕುಂಭದ ಕೆಮಿಕಲ್ ಕಾರ್ಖಾನೆಯಿಂದ ಬಂದ ಒಬ್ಬರು ಕೂತಿದ್ದರು. ಬಲಗಣ್ಣಿಗೆ ಏನೋ ಸಿಡಿದಿತ್ತು, ಪಟ್ಟಿ ಕಟ್ಟಿತ್ತು. ನನಗೆ ಎಡಗಣ್ಣಿನ ಚಿಂತೆ ಎಂದು ತಿಳಿದು ಅವರು ಮರಾಠಿಯಲ್ಲಿ ಅಂದರು: "ತುಮಚಾ ಉಜವಾ, ಮಾಝಾ ಡಾವಾ. ದೋಘಂ ಮಿಳೂನ ಏಕ ಮಾಣೂಸ್." ನಿಮ್ಮ ಬಲಗಣ್ಣು, ನನ್ನ ಎಡಗಣ್ಣು, ಇಬ್ಬರೂ ಸೇರಿದರೆ ಒಬ್ಬ ಮನುಷ್ಯ. ಆ ಭಯದಲ್ಲೂ ನನಗೆ ನಗು ಬಂತು. ಅವರ ನಂಬರು ಬಂದಾಗ ನಾನು ಹೇಳಿದೆ, ನನ್ನದು ಬಂದಾಗ ಅವರು ಹೇಳಿದರು. ಅವರ ಹೆಸರು ಕೇಳುವುದು ಮರೆತುಹೋಯಿತು.

ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು. ಕಣ್ಣಿನ ಒಳಗಿನ ಪರದೆ, ಅಂದರೆ ರೆಟಿನಾ, ಹರಿದು ಗೋಡೆಯಿಂದ ಕಳಚಿದೆ, ನಾಳೆಗೆ ತಳ್ಳದೆ ಆಪರೇಷನ್ ಮಾಡಬೇಕು ಎಂದರು. ಟೆನಿಸ್ಸಿನಿಂದ ಹೀಗಾಯಿತೇ ಎಂದು ಕೇಳಿದೆ. ಇಲ್ಲ, ನಿಮ್ಮ ಕನ್ನಡಕದ ನಂಬರೇ ಕಾರಣ, ಸುಮ್ಮನೆ ಕೂತಿದ್ದರೂ ಆಗಬಹುದಿತ್ತು ಎಂದರು. ಈ ಮಾತನ್ನು ಯಾಕೆ ಬರೆಯುತ್ತೇನೆಂದರೆ, ಆಮೇಲೆ ಊರಿನಿಂದ ಬಂದ ಫೋನುಗಳೆಲ್ಲ ಒಂದೇ ರಾಗ. "ಈ ವಯಸ್ಸಿನಾಗ ಚಂಡಾಟ ಯಾಕ ಬೇಕಿತ್ತವಾ? ನೋಡು ಏನಾತು!" ನನ್ನ ಕಾಯಿಲೆಗೆ ನನ್ನ ಖುಷಿಯೇ ಕಾರಣ ಎಂದು ಹೇಳುವುದು ಜನರಿಗೆ ಅದೆಷ್ಟು ಇಷ್ಟ! ಕೊನೆಕೊನೆಗೆ ನಾನೂ ಹೇಳತೊಡಗಿದೆ: "ಹೌದ್ರಿ, ಟೆನಿಸ್ ಆಡಿದ್ದಕ್ಕs ಗೊತ್ತಾತು. ಮನ್ಯಾಗ ಕೂತು ಟೀವಿ ನೋಡಕೋತ ಇದ್ದಿದ್ದರ ಗೊತ್ತs ಆಗತಿರಲಿಲ್ಲ." ಆಮೇಲೆ ಫೋನುಗಳು ಕಡಿಮೆಯಾದವು.

ಆಪರೇಷನ್ ಆಯಿತು. ಕಣ್ಣಿನೊಳಗೆ ಗಾಳಿಗುಳ್ಳೆ ತುಂಬಿ ಕಳಿಸಿದರು. ಆ ಗುಳ್ಳೆ ಮೇಲಕ್ಕೇರಿ ಪರದೆಯನ್ನು ಒತ್ತಿ ಹಿಡಿಯಬೇಕು, ಅದಕ್ಕೆ ನಾನು ಹಗಲೂ ರಾತ್ರಿ ಮುಖ ಕೆಳಗೆ ಮಾಡಿಯೇ ಇರಬೇಕು. ಉಣ್ಣುವಾಗಲೂ, ನಡೆಯುವಾಗಲೂ. ಎತ್ತರದಲ್ಲಿ ಗುಳ್ಳೆ ಹಿಗ್ಗುತ್ತದೆ, ವಿಮಾನ ಹತ್ತಬಾರದೆಂದು ಕೈಗೆ ಹಸಿರು ಪಟ್ಟಿ ಬೇರೆ ಕಟ್ಟಿದರು. ಮನೆ ವಿಮಾನ ನಗರದಲ್ಲಿ, ತಲೆಯ ಮೇಲೆ ದಿನವಿಡೀ ವಿಮಾನ, ನಾನು ಕೆಳಗೆ ನೆಲ ನೋಡುತ್ತ ಮಲಗಿದ್ದೆ.

ದಿಂಬಿನ ಮೇಲೆ ಮುಖವಿಟ್ಟರೆ ಉಸಿರು ಕಟ್ಟುತ್ತಿತ್ತು. ಆಗ ಅತ್ತೆ ತಮ್ಮ ಹಳೇ ಇಳಕಲ್ ಸೀರೆಯನ್ನು ಸುತ್ತಿ ಸುತ್ತಿ ಒಂದು ದೊಡ್ಡ ಸಿಂಬಿ ಮಾಡಿದರು. ನೀರಿನ ಕೊಡ ಹೊರಲು ತಲೆಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಅದೇ ಸಿಂಬಿ, ಆದರೆ ಮುಖದ ಅಳತೆಗೆ. "ಕೊಡ ಇಟ್ಟರ ನಿಲ್ಲತದ, ಮಾರಿ ನಿಲ್ಲೂದಿಲ್ಲೇನು?" ಎಂದರು. ನಿಂತಿತು. ಮಂಚದ ತುದಿಗೆ ಎರಡು ಕುರ್ಚಿ ಜೋಡಿಸಿ ಅವುಗಳ ಸಂದಿನ ಮೇಲೆ ಸಿಂಬಿ ಇಟ್ಟೆವು; ಮುಖ ಸಿಂಬಿಯೊಳಗೆ, ಕೆಳಗೆ ನೆಲ, ಉಸಿರಾಟಕ್ಕೆ ನಡುವೆ ಜಾಗ. ಆಸ್ಪತ್ರೆಯವರು ಹೇಳಿದ ಯಾವ ದುಬಾರಿ ದಿಂಬೂ ಆಮೇಲೆ ಬೇಕಾಗಲಿಲ್ಲ.

ನಮ್ಮನೆಯವರ ಹೆಸರು ಮಲ್ಲಿಕಾರ್ಜುನ. ಮೂವತ್ತು ವರ್ಷಗಳಿಂದ ಮೆಣಸಿನಕಾಯಿಯ ಘಾಟಿನಲ್ಲೇ ಬದುಕಿದವರು. ಅವರು ಬಾಗಿಲು ತೆಗೆದರೆ ಮನೆಗೆಲ್ಲ ಸೀನು. ನನ್ನ ಆಪರೇಷನ್ ಆದ ಮೇಲೆ, ಸೀನಿದರೆ ಕಣ್ಣಿಗೆ ಕೆಟ್ಟದ್ದೆಂದು, ಅವರು ಮಾರ್ಕೆಟ್ ಯಾರ್ಡಿನಲ್ಲೇ, ಅಂಗಡಿಯ ಹಿಂದಿನ ನಲ್ಲಿಯಲ್ಲಿ ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಬರತೊಡಗಿದರು. ಚಳಿಗಾಲ ಅದು. ಹಮಾಲರೆಲ್ಲ ನಗುತ್ತಿದ್ದರಂತೆ. ನನಗೆ ಅವರು ಹೇಳಲಿಲ್ಲ. ಒಂದು ದಿನ ಅವರ ಪಾದಗಳು ನನ್ನ ಮುಖದ ಕೆಳಗೆ ಬಂದು ನಿಂತಾಗ ಉಗುರಿನ ಸಂದಿಯಲ್ಲಿ ಯಾವಾಗಲೂ ಇರುತ್ತಿದ್ದ ಕೆಂಪು ಇರಲಿಲ್ಲ. ಆಗ ಕೇಳಿ ತಿಳಿದುಕೊಂಡೆ. ಸಿಂಬಿಯೊಳಗೇ ಅತ್ತುಬಿಟ್ಟೆ.

ಆ ದಿನಗಳಲ್ಲಿ ನಾನು ಎಲ್ಲರನ್ನೂ ಪಾದದಿಂದಲೇ ಗುರುತಿಸುತ್ತಿದ್ದೆ. ವೈಶಾಲಿತಾಯಿ ಬಂದರೆ ಬಿಳಿ ಬೂಟು, ಮಣ್ಣು ಹಿಡಿದದ್ದು. ದೀಪಾ ಬಂದಳೆಂದರೆ ನಿಲ್ಲುತ್ತಲೇ ಇರಲಿಲ್ಲ. ಸೀದಾ ನೆಲದ ಮೇಲೆ ಅಂಗಾತ ಮಲಗಿ, ನನ್ನ ಮುಖದ ಕೆಳಗೆ ತನ್ನ ಮುಖ ತಂದು "ಹಾಯ್ ಶೈಲಕ್ಕಾ" ಅನ್ನುತ್ತಿದ್ದಳು. ಅವತ್ತಿನ ಅಭ್ಯಾಸದ ವಿಡಿಯೊ ತೋರಿಸುತ್ತಿದ್ದಳು. ಯಾರ ಗಲ್ಲಿಯಿಂದ ಎಷ್ಟು ಹೋಯಿತು, ಯಾರು ಚೆಂಡು ಆರಿಸಿದರು, ಎಲ್ಲ ವರದಿ. "ನಿಮ್ಮ ಜಾಗ ಯಾರಿಗೂ ಕೊಟ್ಟಿಲ್ಲ, ಲೆಫ್ಟ್ ಸೈಡ್ ನಿಮ್ದೇ" ಎಂದು ಹೇಳಿ ಹೋಗುತ್ತಿದ್ದಳು. ನಾನು ನೆಲ ನೋಡುತ್ತ ಆ ಎಡಬದಿಯನ್ನೇ ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೆ.

ಗುಳ್ಳೆ ಕರಗುತ್ತ ಬಂತು. ದಿನದಿನಕ್ಕೆ ಚಿಕ್ಕದಾಗಿ, ಕೊನೆಗೆ ಸಾಸಿವೆ ಕಾಳಿನಷ್ಟಾಗಿ ಮಾಯವಾಯಿತು. ಅದರ ಹಿಂದೆಯೇ ಬೂದು ಪರದೆ ಮತ್ತೆ ಬಂತು. ಎರಡನೇ ಆಪರೇಷನ್. ಈ ಸಲ ಕಣ್ಣಿಗೆ ಎಣ್ಣೆ ತುಂಬಿದರು. ಕೆಲವು ತಿಂಗಳ ನಂತರ ಎಣ್ಣೆ ತೆಗೆದರು. ಆಮೇಲೆ ಡಾಕ್ಟರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಅವರು ಕುರ್ಚಿ ಎಳೆದಾಗಲೇ ನನಗೆ ತಿಳಿಯಿತು. ಕಣ್ಣು ಉಳಿದಿದೆ, ನೋಟ ಉಳಿದಿಲ್ಲ, ಬೆಳಕು ನೆರಳು ಗೊತ್ತಾಗಬಹುದು ಅಷ್ಟೇ ಎಂದರು. ನಮ್ಮನೆಯವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ನನಗೆ ಅಳು ಬರಲಿಲ್ಲ, ಕೆಟ್ಟ ಸಿಟ್ಟು ಬಂತು. ಅಷ್ಟು ದಿನ ನೆಲ ನೋಡಿದ್ದೆನಲ್ಲ!

"ಟೆನಿಸ್ ಆಡಬಹುದೇ?" ಎಂದು ಕೇಳಿದೆ.

ಡಾಕ್ಟರು ಬಲಗಣ್ಣನ್ನು ಇನ್ನೊಮ್ಮೆ ಬೆಳಕು ಹಾಕಿ ನೋಡಿದರು. ಆಮೇಲೆ, "ಆಡಿ. ಆದರೆ ಒಡೆಯದ ಗಾಜಿನ ಆಟದ ಕನ್ನಡಕ ಹಾಕದೆ ಅಂಕಣಕ್ಕೆ ಕಾಲಿಡಬೇಡಿ. ಉಳಿದದ್ದು ಒಂದೇ ಕಣ್ಣು, ಮರೆಯಬೇಡಿ" ಎಂದರು. ಕೊನೆಯ ವಾಕ್ಯವನ್ನು ನಮ್ಮನೆಯವರು ಕೇಳಿಸಿಕೊಂಡರು. ಮೊದಲನೆಯದನ್ನು ನಾನು ಕೇಳಿಸಿಕೊಂಡೆ.

ಒಂದು ಕಣ್ಣಿನ ಬದುಕಿನಲ್ಲಿ ದೂರ ಹತ್ತಿರದ ಲೆಕ್ಕವೇ ತಪ್ಪುತ್ತದೆ. ಮಜ್ಜಿಗೆ ಲೋಟದ ಪಕ್ಕಕ್ಕೆ ಸುರಿಯುತ್ತಿತ್ತು. ಒಗ್ಗರಣೆ ಸೌಟು ಬಾಣಲೆಗೆ ಮುಟ್ಟುವ ಮೊದಲೇ ಬಗ್ಗುತ್ತಿತ್ತು. ಮೆಟ್ಟಿಲು ಇಲ್ಲದಲ್ಲಿ ಕಾಲು ಎತ್ತಿ ಇಡುತ್ತಿದ್ದೆ. ಎಡಗಡೆಯಿಂದ ಯಾರಾದರೂ ಬಂದರೆ ಹೌಹಾರುತ್ತಿದ್ದೆ. ಇದಕ್ಕೆಲ್ಲ ಅತ್ತೆ ಒಂದು ಮದ್ದು ಕಂಡುಹಿಡಿದರು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು, ಬುಟ್ಟಿಯಿಂದ ಲಿಂಬೆಹಣ್ಣು ತೆಗೆದು ನನ್ನತ್ತ ಎಸೆಯುವುದು. ಹಿಡಿದದ್ದು ಪಾನಕಕ್ಕೆ, ಬಿದ್ದು ಒಡೆದದ್ದು ಉಪ್ಪಿನಕಾಯಿಗೆ. ಮೊದಲಿಗೆ ಮನೆಯ ಭರಣಿಗಳೆಲ್ಲ ತುಂಬಿ ಅಕ್ಕಪಕ್ಕದವರಿಗೂ ಉಪ್ಪಿನಕಾಯಿ ಹಂಚಿದೆವು. ಬರಬರುತ್ತ ಪಾನಕ ಹೆಚ್ಚಾಯಿತು. "ಇನ್ನ ಉಪ್ಪಿನಕಾಯಿಗೆ ಲಿಂಬಿ ಕೊಂಡs ತರಬೇಕು ನೋಡು" ಎಂದು ಅತ್ತೆ ಬೈದ ದಿನವೇ ನಾನು ಬೂಟು ಹುಡುಕಿದೆ.

ಅಂಕಣಕ್ಕೆ ಮರಳಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ ನನ್ನನ್ನು ಕೆಲವು ವಾರ ಗೋಡೆಗೆ ಆಡಿಸಿದರು, ಆಮೇಲೆ ಹಿಂದಿನ ಗೆರೆಯಲ್ಲಿ ನಿಲ್ಲಿಸಿದರು. ನೆಟ್‌ನ ಮುಂದೆ ಎಡಬದಿಗೆ ನಿಲ್ಲಲು ನಾನೇ ಹಟ ಹಿಡಿದೆ. ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ನಿಲ್ಲುವುದು, ಎದುರಿನವಳ ಭುಜ ನೋಡಿ ಮೊದಲೇ ಹೆಜ್ಜೆ ಇಡುವುದು, ಹೀಗೆ ನನ್ನದೇ ದಾರಿ ಮಾಡಿಕೊಂಡೆ. ಮಾಡಿಕೊಂಡೆ ಎಂದು ತಿಳಿದೆ. ಯಾಕೆಂದರೆ ವಾರಗಟ್ಟಲೆ ನನ್ನ ಗಲ್ಲಿಯಿಂದ ಒಂದೂ ಚೆಂಡು ದಾಟಲಿಲ್ಲ. "ಗೇಲಾ" ಅಂತ ಒಮ್ಮೆಯೂ ಕೇಳಿಸಲಿಲ್ಲ. ಚೆಂಡು ಆರಿಸುವವರು ಬೇರೆ ಯಾರೋ, ನಾನು ನೀರು ಕುಡಿಯುತ್ತ ಕಾಡಿಸುವವಳು. ಒಂದು ದಿನ ಊಟಕ್ಕೆ ಕೂತಾಗ ಎದೆಯುಬ್ಬಿಸಿ ಹೇಳಿದೆ: "ಎರಡು ಕಣ್ಣಿದ್ದಾಗ ಇಷ್ಟು ಚಲೋ ಆಡತಿರಲಿಲ್ರಿ!" ನಮ್ಮನೆಯವರು "ಚಲೋ ಆತು ಬಿಡು" ಎಂದು ತಾಟಿನತ್ತ ನೋಡಿದರು.

ಒಂದು ಬೆಳಗ್ಗೆ ಅಭ್ಯಾಸದ ನಡುವೆ ನನಗೆ ಜಾಗದ ಅಂದಾಜು ತಪ್ಪಿತು. ಬಲಕ್ಕೆ ಬಹಳ ಸರಿದು ನಿಂತಿದ್ದೆ. ಎಡಗಡೆ ಗಲ್ಲಿ ಪೂರ್ತಿ ಬಾಗಿಲು ತೆರೆದಂತೆ ಬಿದ್ದಿತ್ತು. ಎದುರಿಗಿದ್ದವಳು ದೀಪಾ. ಆ ಜಾಗ ಕಂಡರೆ ಅವಳು ಬಿಡುವವಳೇ? ಆದರೆ ಚೆಂಡು ನೆಟ್ಟಗೆ ನನ್ನ ರ‍್ಯಾಕೆಟ್ಟಿಗೇ ಬಂತು, ಮೆತ್ತಗೆ. ನನಗೆ ಏನೋ ಒಂದು ಥರ ಅನ್ನಿಸಿತು. ಬೇಕೆಂದೇ ಇನ್ನೊಂದು ಹೆಜ್ಜೆ ಬಲಕ್ಕೆ ಸರಿದೆ. ಚೆಂಡು ನನ್ನನ್ನೇ ಹುಡುಕಿಕೊಂಡು ಬಂತು. ಇನ್ನೂ ಸರಿದೆ. ಜೊತೆಗೆ ನೆಟ್‌ನಲ್ಲಿದ್ದ ವೈಶಾಲಿತಾಯಿಯ ಭುಜಕ್ಕೆ ಭುಜ ತಾಗುವಷ್ಟು ಸರಿದು ನಿಂತೆ. ಅಂಕಣದ ಎಡಭಾಗ ಪೂರ್ತಿ ಖಾಲಿ. ಒಂದು ಲಾರಿ ಹೋಗಬಹುದಿತ್ತು. ದೀಪಾ ಚೆಂಡನ್ನು ಎತ್ತಿ ಹೊಡೆದು, ಮಗುವಿಗೆ ಕೊಡುವ ಹಾಗೆ ನನ್ನ ಕೈಗೆ ಕೊಟ್ಟಳು.

ನಾನು ಚೆಂಡು ಹೊಡೆಯಲಿಲ್ಲ. ಎದೆಗೆ ತಾಗಿ ಕೆಳಗೆ ಬಿತ್ತು.

"ದೀಪಾ, ಎಡಕ್ಕ ಯಾಕ ಹೊಡೀಲಿಲ್ಲ?"

"ಹಾಗೇನಿಲ್ಲ ಶೈಲಕ್ಕಾ, ಅದು... ಆಂಗಲ್ ಸಿಗ್ಲಿಲ್ಲ."

"ಸುಳ್ಳು ಹೇಳಬ್ಯಾಡ! ಆನಿ ಹಾಯಿಸೂವಷ್ಟು ಜಾಗ ಬಿಟ್ಟೀನಿ!"

ಸರ್ ಬುಟ್ಟಿಯೊಳಗಿನ ಚೆಂಡು ಎಣಿಸುವವರ ಹಾಗೆ ತಲೆ ತಗ್ಗಿಸಿದರು. ವೈಶಾಲಿತಾಯಿ ನನ್ನ ತೋಳು ಹಿಡಿದು "ಅಗಂ ಶೈಲಾ, ಜಾಊ ದೇ" ಎಂದರು. ಹೋಗಲಿ ಬಿಡು ಅಂತ. ಬಿಡುವುದೇ? ದೀಪಾಳ ಕಣ್ಣು ತುಂಬಿತು. "ನಿಮ್ಮ ಮನೆಯವರು ಬಂದಿದ್ರು ಶೈಲಕ್ಕಾ. ಎಲ್ಲರ ಹತ್ರಾನೂ ಕೈ ಮುಗಿದು ಕೇಳ್ಕೊಂಡ್ರು. ಆ ಕಡೆ ಹೊಡೀಬೇಡಿ ಅಂತ. ಹೇಗೆ ಇಲ್ಲ ಅನ್ನೋದು ಹೇಳಿ?"

ಆಗ ಒಂದೊಂದೇ ತಲೆಗೆ ಹೊಳೆಯಿತು. ಕಳೆದ ವಾರ ವೈಶಾಲಿತಾಯಿ ಮಾಡಿ ಕೊಟ್ಟ ಮಿಸಳ್ ಕಾಳಿನ ಸಾರಿಗೆ ಎಂದೂ ಇಲ್ಲದ ಕೆಂಪು. ದೀಪಾಳ ಅಡುಗೆಮನೆಯ ಕಟ್ಟೆಯ ಮೇಲೆ ನಮ್ಮ ಅಂಗಡಿಯ ಚೀಲದಂಥ ಚೀಲ. ಬ್ಯಾಡಗಿಯ ಬಣ್ಣ ನನಗೆ ಒಂದು ಕಣ್ಣಲ್ಲ, ಅರ್ಧ ಕಣ್ಣಿಗೂ ಗೊತ್ತಾಗುತ್ತದೆ. ವ್ಯಾಪಾರಿ ಗಂಡ ಬರಿಗೈಯಲ್ಲಿ ಬಂದು ಕೇಳಿಕೊಂಡಾನೆಯೇ? ಎಲ್ಲರಿಗೂ ಒಂದೊಂದು ಕಿಲೋ ಖಾರದ ಪುಡಿ ಕೊಟ್ಟು ಮಾತು ತೆಗೆದುಕೊಂಡು ಹೋಗಿದ್ದರು. ಅವರು ಕೆಟ್ಟವರಲ್ಲ, ಇವರೂ ಕೆಟ್ಟವರಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಬೇವಿನ ಮರದ ಕೆಳಗೆ ಕೂರಿಸಿದ ಮಾಸ್ತರರೂ ಕೆಟ್ಟವರಾಗಿರಲಿಲ್ಲ.

ಸಂಜೆ ಅವರು ಬರುವವರೆಗೆ ಕಾದೆ. ಬಾಗಿಲಲ್ಲೇ ಹಿಡಿದೆ.

"ನನ್ನ ಆಟ ಒಂದೊಂದು ಕಿಲೋ ಖಾರಕ್ಕ ಮಾರಿ ಬಂದೀರಿ ಅಲ್ರಿ!"

ಅವರಿಗೆ ತಿಳಿಯಿತು. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. "ಮತ್ತೇನು ಮಾಡಬೇಕಿತ್ತು? ಬ್ಯಾಡ ಅಂದರ ನೀ ಕೇಳಾಕಿ ಅಲ್ಲ."

"ಅದಕ್ಕ ನನಗ ಗೊತ್ತಿಲ್ಲದಂಗ ಹೋಗಿ ಎಲ್ಲಾರ ಕೈ ಕಟ್ಟಿ ಹಾಕಿ ಬಂದ್ರಿ. ಇಷ್ಟು ದಿನ ನಾ ಆಡ್ಲಿಕ್ಕತ್ತೀನಿ ಅಂತ ತಿಳಕೊಂಡಿದ್ದೆ. ಅವರು ನನ್ನ ಆಡಸ್ಲಿಕ್ಕತ್ತಿದ್ರು, ಕೂಸಿನಂಗ."

"ಒಂದs ಕಣ್ಣು ಉಳದದ ಶೈಲಾ! ಗಡಬಡಿಯೊಳಗ ತಿರುಗಿದಿ, ಚಂಡು ಬಂದು ಬಡೀತು ಅಂದರ ಏನು ಮಾಡೂದು?"

"ಅದಕ್ಕ ಕನ್ನಡಕ ಅದ. ಡಾಕ್ಟರೇ ಹೇಳ್ಯಾರ."

ಅವರು ಸಣ್ಣ ದನಿಯಲ್ಲಿ ಅಂದರು: "ನೀ ಬೋರಲ ಮಲಗಿದ್ದಿ. ನಿನಗ ನನ್ನ ಕಾಲಷ್ಟs ಕಾಣತಿದ್ದವು. ನನ್ನ ಮಾರಿ ಹೆಂಗಾಗಿತ್ತು ನೀ ನೋಡಿಲ್ಲ."

ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸು, ಆ ಮುಖ ನಾನು ನಿಜವಾಗಿ ನೋಡಿರಲಿಲ್ಲ. ಅವರ ಪಕ್ಕ ಕೂತೆ, ಬಲಗಡೆ ಅವರು ಕಾಣುವ ಹಾಗೆ. "ನನಗೂ ಅಂಜಿಕಿ ಅದ್ರಿ. ಪ್ರತಿ ದಿನಾ ನೆಟ್‌ನ ಮುಂದ ನಿಂತಾಗ ಮೊದಲನೇ ಚಂಡಿಗೆ ಎದಿ ಹಾರತದ. ಆದರೂ ನಿಲ್ಲತೀನಿ. ಅದು ನನ್ನ ಅಂಜಿಕಿ, ನಾ ನೋಡಕೋತೀನಿ. ನೀವು ನಿಮ್ಮ ಅಂಜಿಕಿಗೆ ನನ್ನ ಕೂಡಿಹಾಕಬ್ಯಾಡ್ರಿ" ಎಂದೆ.

ಅಡುಗೆಮನೆಯಿಂದ ಅತ್ತೆ ಬಂದರು. ಎಲ್ಲ ಕೇಳಿಸಿಕೊಂಡಿದ್ದರು. ಹೋದ ವರ್ಷ ಒಮ್ಮೆ ಗ್ಯಾಸ್ ಆರಿಸುವುದು ಮರೆತಿದ್ದರೆಂದು ಮಗ ಅವರನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಅವರು ಅಷ್ಟು ದಿನ ಒಂದು ಮಾತೂ ಆಡಿರಲಿಲ್ಲ. ಈಗ ಆಡಿದರು.

"ಮಲ್ಲೂ, ನನ್ನ ಕೈಯಾಗಿಂದ ಒಲಿ ಕಸಗೊಂಡಿ. ಈಗ ಆಕಿ ಕೈಯಾಗಿಂದ ಬ್ಯಾಟ್ ಕಸಗೋ. ಆಮ್ಯಾಲೆ ಇಬ್ಬರನ್ನೂ ಗ್ವಾದಲಿ ಮುಂದ ಕಟ್ಟಿ ಎರಡು ಹೊತ್ತು ಮೇವು ಹಾಕು. ಭಾಳ ಪುಣ್ಯ ಬರತದ ನಿನಗ."

ಅವರು ತಾಯಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾನು, "ನಾಳಿಗೆ ಬರ್ರಿ. ಬಂದು ಕೂತು ನೋಡ್ರಿ. ನೋಡಿದ ಮ್ಯಾಲೂ ನಿಮಗ ಹೇಳೂದಿದ್ದರ ನನ್ನ ಮುಂದ ಹೇಳ್ರಿ, ಅವರ ಮುಂದ ಅಲ್ಲ" ಎಂದೆ.

ಮರುದಿನ ಬೆಳಗ್ಗೆ ಟಪ ಟಪ ಸಪ್ಪಳಕ್ಕೆ ಎಚ್ಚರವಾಯಿತು. ಅತ್ತೆ ಒಲೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿಯುತ್ತಿದ್ದರು, ಇಡೀ ಬಿಲ್ಡಿಂಗಿಗೆ ಕೇಳಿಸುವ ಹಾಗೆ. ನಮ್ಮನೆಯವರು ಬಾಗಿಲಲ್ಲಿ ನಿಂತು ಒಂದು ಕಣ್ಣು ಗ್ಯಾಸಿನ ಮೇಲಿಟ್ಟು ಚಹಾ ಕುಡಿಯುತ್ತಿದ್ದರು. ನಾನು ಬೂಟು ಹಾಕಿ ಹೊರಟಾಗ ಲೋಟ ಇಟ್ಟು ಹಿಂದೆಯೇ ಬಂದರು.

ಅಂಕಣದ ಪಕ್ಕದ ಬೆಂಚಿನ ಮೇಲೆ ಅವರು ಕೂತರು. ಅವರನ್ನು ನೋಡಿ ಎಲ್ಲರಿಗೂ ಪೇಚಾಟ. ನಾನು ಆಟದ ಕನ್ನಡಕ ಹಾಕಿ ಪಟ್ಟಿ ಬಿಗಿದುಕೊಂಡು ನೆಟ್‌ನ ಎಡಬದಿಗೆ ಹೋಗಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಖಾರದ ಪುಡಿ ನೀವs ಇಟಗೋರಿ, ವಾಪಸ್ ಬ್ಯಾಡ. ಆದರ ಮಾತು ವಾಪಸ್ ತಗೊಂಡೀನಿ. ಎಡಗಡೆ ಗಲ್ಲಿಗೇ ಹೊಡೀರಿ."

ಸರ್ ಚೆಂಡು ಕೊಟ್ಟರು. ದೀಪಾ ನಡುವೆ ಹೊಡೆದಳು, ಮೆತ್ತಗೆ. ನಾನು ಮುಟ್ಟಲಿಲ್ಲ, ಹೋಗಲು ಬಿಟ್ಟೆ. ಇನ್ನೊಂದು ಬಂತು, ಅದೂ ನಡುವೆ. ಅದನ್ನೂ ಬಿಟ್ಟೆ. ದೀಪಾ ಬೆಂಚಿನ ಕಡೆ ನೋಡಿದಳು.

"ಅಲ್ಲೇನು ನೋಡ್ತಿ? ಇಲ್ಲೆ ನೋಡು. ಲೆಫ್ಟ್ ಸೈಡ್ ನನ್ನದs ಅಂತ ನೆಲದ ಮ್ಯಾಲೆ ಮಲಗಿ ನೀನs ಹೇಳಿದ್ದಿ. ನನ್ನದಿದ್ದರ ಹೊಡಿ!"

ಅವಳ ಮುಖ ಬಿಗಿಯಿತು. ಸರ್ ಮೂರನೇ ಚೆಂಡು ಕೊಟ್ಟರು. ಅವಳ ಭುಜ ತಿರುಗಿದ್ದು ಕಂಡಿತು, ನಾನು ಹೆಜ್ಜೆ ಹಾಕಿದೆ, ರ‍್ಯಾಕೆಟ್ ಚಾಚಿದೆ, ತುದಿಗೆ ಸವರಿ ಚೆಂಡು ಹೊರಗೆ ಹಾರಿತು. ತಾಗಿತು! ಇಷ್ಟು ದಿನ ನನಗೇ ಗೊತ್ತಿರಲಿಲ್ಲ, ನನಗೆ ಅದು ತಾಗಬಲ್ಲದು ಅಂತ. ನಾಲ್ಕನೆಯದನ್ನು ಅವಳು ಹಳೆಯ ದೀಪಾಳ ಹಾಗೆ ಹೊಡೆದಳು. ಬೀಸಿದ್ದು ಕಂಡಿತು, ಚೆಂಡು ಕಾಣಲಿಲ್ಲ. ಕಿವಿಯ ಪಕ್ಕ ಗಾಳಿ ಸುಯ್ ಎಂದಿತು. ಬೆನ್ನ ಹಿಂದೆ, ಗೆರೆಯ ಒಳಗೆ, ಟಪ್ ಎಂದಿತು.

ಯಾರೂ ಕೂಗಲಿಲ್ಲ. ವೈಶಾಲಿತಾಯಿ ಬಾಯಿ ತೆರೆದು ಮುಚ್ಚಿದರು. ದೀಪಾ ರ‍್ಯಾಕೆಟ್ಟಿನಿಂದ ಮುಖ ಮುಚ್ಚಿಕೊಂಡಳು. ನಾನು ಹಾಗೇ ನಿಂತಿದ್ದೆ, ಕೂಗಿಗಾಗಿ ಕಾಯುತ್ತ.

ಬೆಂಚಿನಿಂದ ಗಂಡಸಿನ ದನಿ ಬಂತು. ಮಾರ್ಕೆಟ್ ಯಾರ್ಡಿನಲ್ಲಿ ಹರಾಜು ಕೂಗಿ ಕೂಗಿ ಒರಟಾದ ದನಿ.

"ಗೇಲಾ!"

ಆಮೇಲೆ ಎಲ್ಲರೂ ಕೂಗಿದರು. ನಾನು ಅಂಕಣದ ನಡುವೆ ನಿಂತು ನಕ್ಕೆ, ಕನ್ನಡಕದೊಳಗೆ ಎರಡೂ ಕಣ್ಣು ತೊಯ್ದವು. ಕಾಣದ ಕಣ್ಣಿಗೂ ನೀರು ಬರುತ್ತದೆ, ಇದನ್ನು ಯಾವ ಡಾಕ್ಟರೂ ನನಗೆ ಹೇಳಿರಲಿಲ್ಲ.

ಸುತ್ತು ಮುಗಿಯಿತು. ಕಾನೂನು ಕಾನೂನೇ. ನಾನು ಬುಟ್ಟಿ ತೆಗೆದುಕೊಂಡು ಹಿಂದಿನ ಗೆರೆಯತ್ತ ನಡೆದೆ. ಬಗ್ಗಿ ಮೊದಲ ಚೆಂಡಿಗೆ ಕೈಹಾಕಿದೆ, ಕೈ ಒಂದು ಗೇಣು ಈಚೆಗೇ ನೆಲ ಮುಟ್ಟಿತು. ನಮ್ಮನೆಯವರು ಬೆಂಚಿನಿಂದ ಎದ್ದು ಅಂಕಣದೊಳಗೆ ಕಾಲಿಟ್ಟರು.

"ಅಲ್ಲೇ ನಿಲ್ರಿ" ಎಂದೆ.

ನಿಂತರು. ವೈಶಾಲಿತಾಯಿ ನೀರಿನ ಬಾಟಲಿ ಹಿಡಿದು, "ಶೈಲಾ, ಸಂಜೆಯೊಳಗೆ ಮುಗಿಸ್ತೀಯೋ, ನಾವು ಮನೆಗೆ ಹೋಗೋಣವೋ?" ಎಂದು ಮರಾಠಿಯಲ್ಲಿ ಕಾಡಿಸಿದರು. ನಾನು ಮತ್ತೆ ಕೈ ಚಾಚಿದೆ, ಚೆಂಡು ಸಿಕ್ಕಿತು. ಬುಟ್ಟಿಗೆ ಹಾಕಿದೆ. ಮುಂದಿನದು ಎಡಗಡೆ ಗಲ್ಲಿಯ ಗೆರೆಯ ಮೇಲೆ ಬಿದ್ದಿತ್ತು. ತಲೆ ತಿರುಗಿಸಿ ಅದನ್ನು ನೋಡಿ, ಅತ್ತ ಹೊರಟೆ.